ಪಂಜೆ ಮಂಗೇಶರಾಯರು: ಮಕ್ಕಳ ನುಡಿ ಬೆಳೆಸಿದ ಬದುಕು

ಹೊಸಗನ್ನಡ ಸಾಹಿತ್ಯದ ಚರಿತ್ರೆಗಳು ಪಂಜೆ ಮಂಗೇಶರಾಯರನ್ನು ಸಾಮಾನ್ಯವಾಗಿ ಎರಡು ಕಡೆ ನೆನೆಯುತ್ತವೆ. ಸಣ್ಣಕತೆಯ ಹುಟ್ಟನ್ನು ಹೇಳುವ ಅಧ್ಯಾಯದಲ್ಲಿ ಒಮ್ಮೆ, ಶಿಶುಸಾಹಿತ್ಯಕ್ಕೆಂದು ಮೀಸಲಿಟ್ಟ ಕೊನೆಯ ಕೆಲವು ಪುಟಗಳಲ್ಲಿ ಇನ್ನೊಮ್ಮೆ. ಅವರು ತಮ್ಮ ದುಡಿಮೆಯ ಕಾಲವನ್ನೆಲ್ಲ ಶಾಲೆ ಮತ್ತು ಶಿಕ್ಷಣ ಇಲಾಖೆಗಳಲ್ಲಿ ಕಳೆದವರೆಂಬ ಸಂಗತಿ ಈ ಎರಡೂ ಕಡೆ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಕನ್ನಡ ಮನೆಮಾತಲ್ಲದ ಮಕ್ಕಳಿಗೆ ಕನ್ನಡದ ಪದಗಳನ್ನು ಹೇಗೆ ಒದಗಿಸಬೇಕೆಂಬ ಪ್ರಶ್ನೆ ಅವರ ಬದುಕಿನುದ್ದಕ್ಕೂ ಎದುರಿಗಿತ್ತು. ಅವರ ಪದ್ಯ, ಕತೆ, ವ್ಯಾಕರಣ, ಗ್ರಂಥಸಂಪಾದನೆಗಳನ್ನು ಆ ಪ್ರಶ್ನೆಯ ಬೆಳಕಿನಲ್ಲಿ ಓದಿದರೆ ಬಿಡಿಬಿಡಿಯಾಗಿ ಕಾಣುವ ಕೆಲಸಗಳು ಒಂದೇ ಎಳೆಯಲ್ಲಿ ನಿಲ್ಲುತ್ತವೆ.

ಪಂಜೆಯವರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ನೇತ್ರಾವತಿಯ ದಡದ ಬಂಟವಾಳದಲ್ಲಿ. ಪೂರ್ವಿಕರು ಪಂಜ ಎಂಬ ಊರಿನವರಾದ್ದರಿಂದ ಮನೆತನಕ್ಕೆ ಆ ಹೆಸರು ಅಂಟಿತು. ಸಾರಸ್ವತ ಕುಟುಂಬದ ಮನೆಮಾತು ಕೊಂಕಣಿ. ಅಂಗಡಿಬೀದಿ, ಗದ್ದೆ, ದೋಣಿಗಡುಗಳ ಮಾತು ತುಳು. ಶಾಲೆಯ ಮತ್ತು ಕಚೇರಿಯ ಕಾಗದಪತ್ರಗಳ ಮಾತು ಕನ್ನಡ. ಮೇಲಿನ ತರಗತಿಗಳಿಗೆ ಹೋದಂತೆ ಇಂಗ್ಲಿಷು. ಮದರಾಸು ಆಧಿಪತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇದು ಯಾವುದೋ ಒಂದು ಮನೆಯ ವಿಶೇಷ ಪರಿಸ್ಥಿತಿಯಾಗಿರಲಿಲ್ಲ. ತುಳು, ಕೊಂಕಣಿ, ಬ್ಯಾರಿ, ಮಲೆಯಾಳಗಳನ್ನು ಮನೆಯಲ್ಲಿ ಆಡುವ ಮಕ್ಕಳು ಶಾಲೆಯ ಜಗಲಿ ಹತ್ತಿದೊಡನೆ ಕನ್ನಡಕ್ಕೆ ಬರಬೇಕಾಗಿತ್ತು. ಹಳೆಯ ಮೈಸೂರಿನ ಅಥವಾ ಧಾರವಾಡ ಸೀಮೆಯ ಮಗು ತಾನಾಗಲೇ ಆಡುತ್ತಿದ್ದ ಪದಕ್ಕೆ ಅಕ್ಷರರೂಪವನ್ನಷ್ಟೇ ಕಲಿಯುತ್ತಿದ್ದರೆ, ಕರಾವಳಿಯ ಮಗು ಅಕ್ಷರವನ್ನೂ ಪದವನ್ನೂ ಒಟ್ಟೊಟ್ಟಿಗೆ ಕಲಿಯಬೇಕಾಗಿತ್ತು. ಈ ವ್ಯತ್ಯಾಸವನ್ನು ಆ ಕಾಲದ ಪಠ್ಯಪುಸ್ತಕಗಳು ಗಮನಕ್ಕೆ ತಂದುಕೊಂಡಿರಲಿಲ್ಲ.

ತಂದೆ ರಾಮಪ್ಪಯ್ಯನವರು ಬೇಗ ತೀರಿಕೊಂಡದ್ದರಿಂದ ಸಂಸಾರದ ಹೊಣೆ ಎಳೆಯ ವಯಸ್ಸಿನಲ್ಲೇ ಮಂಗೇಶರಾಯರ ಮೇಲೆ ಬಿದ್ದಿತು. ಮಂಗಳೂರಿನಲ್ಲಿ ಓದುತ್ತಲೇ ಮನೆಪಾಠ ಹೇಳಿ ಅಷ್ಟಿಷ್ಟು ಸಂಪಾದಿಸಿದರು. ಹೀಗೆ ತಾವು ವಿದ್ಯಾರ್ಥಿಯಾಗಿರುವಾಗಲೇ ಮಕ್ಕಳಿಗೆ ಕಲಿಸುವ ಕೆಲಸ ಅವರ ಕೈಗೆ ಬಂದಿತ್ತು. ಮುಂದೆ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಕೆಲಸದಲ್ಲಿದ್ದುಕೊಂಡೇ ಬಿ.ಎ. ಪದವಿಯನ್ನೂ ಆಮೇಲೆ ಅಧ್ಯಾಪಕ ತರಬೇತಿಯ ಎಲ್.ಟಿ. ಪದವಿಯನ್ನೂ ಪಡೆದರು. ಗೋವಿಂದ ಪೈಗಳು ಅವರ ಶಿಷ್ಯರಲ್ಲೊಬ್ಬರು. ಬೆನಗಲ್ ರಾಮರಾಯರೊಡನೆ ಇದ್ದ ನಂಟು ಸಾಹಿತ್ಯದ ಸಹವಾಸವಾಗಿಯೂ ಬೆಳೆಯಿತು. ರಾಮರಾಯರ ‘ಸುವಾಸಿನಿ’ ಪತ್ರಿಕೆಯಲ್ಲಿ 1900ರ ಸುಮಾರಿಗೆ ಬಂದ ‘ನನ್ನ ಚಿಕ್ಕ ತಾಯಿ’ ಮೊದಲಾದ ಬರಹಗಳು ಕನ್ನಡ ಸಣ್ಣಕತೆಯ ಮೊದಲ ಹೆಜ್ಜೆಗಳೆಂದು ಗಣಿತವಾಗಿವೆ. ಆ ಕತೆಗಳ ವಿಚಾರ ಸಾಕಷ್ಟು ಚರ್ಚೆಯಾಗಿರುವುದರಿಂದ ಅದನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

ಎಲ್.ಟಿ.ಯ ನಂತರದ ವರ್ಷಗಳು ಪ್ರಸ್ತುತ ವಿಷಯಕ್ಕೆ ಹೆಚ್ಚು ಮುಖ್ಯ. ಪಂಜೆಯವರು ಶಾಲಾ ತನಿಖಾಧಿಕಾರಿಯಾಗಿ ಜಿಲ್ಲೆಯ ಒಳನಾಡುಗಳನ್ನು ಸುತ್ತಿದರು. ಶಿಕ್ಷಕರ ತರಬೇತಿಯ ಕೆಲಸವನ್ನೂ ಮಾಡಿದರು. ಇನ್ಸ್‌ಪೆಕ್ಟರರೆಂದರೆ ಆ ಕಾಲದ ಹಳ್ಳಿಯ ಐಗಳಿಗೂ ಮಕ್ಕಳಿಗೂ ಒಂದು ಭಯವೇ ಆಗಿತ್ತು. ಅದಕ್ಕೆ ಕಾರಣವೂ ಉಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮದರಾಸು ಆಧಿಪತ್ಯದ ಖಾಸಗಿ ಶಾಲೆಗಳಿಗೆ ಸಿಗುವ ಸಹಾಯಧನ ತನಿಖೆಯ ದಿನ ಮಕ್ಕಳು ಒಪ್ಪಿಸುವ ಪಾಠಕ್ಕೆ ಗಂಟು ಬಿದ್ದಿತ್ತು. ಮಗು ತಡವರಿಸಿದರೆ ಮಾಸ್ತರರ ಅನ್ನಕ್ಕೆ ಕುತ್ತು. ಇಂಥ ವ್ಯವಸ್ಥೆಯಲ್ಲಿ ಪದಸಂಪತ್ತೆಂದರೆ ಪಾಠದ ಕೊನೆಯ ಅರ್ಥಕೋಶವನ್ನು ಬಾಯಿಪಾಠ ಮಾಡುವುದು. ಕಮಲಕ್ಕೆ ತಾವರೆ, ತಾವರೆಗೆ ಕಮಲ ಎಂದು ಒಪ್ಪಿಸಿದ ಮಗುವಿಗೆ ಊರ ಕೆರೆಯಲ್ಲಿ ಅರಳಿದ ಹೂ ಅದೇ ಎಂದು ತಿಳಿದಿತ್ತೋ ಇಲ್ಲವೋ ಎಂಬುದನ್ನು ಕೇಳುವವರಿರಲಿಲ್ಲ. ಸಹಾಯಧನದ ಆ ನಿಯಮ ಮುಂದೆ ಹೋದರೂ ಅದು ಬೆಳೆಸಿದ ಅಭ್ಯಾಸ ಬೇಗ ಹೋಗಲಿಲ್ಲ.

ಪಂಜೆಯವರ ತನಿಖೆಯ ರೀತಿಯೇ ಬೇರೆಯಾಗಿತ್ತೆಂದು ಅವರ ಬಗೆಗಿನ ಬರಹಗಳೆಲ್ಲ ಒಂದೇ ದನಿಯಲ್ಲಿ ಹೇಳುತ್ತವೆ. ತರಗತಿಗೆ ಬಂದವರು ಮಕ್ಕಳಿಗೆ ಕತೆ ಹೇಳುತ್ತಿದ್ದರು, ಹಾಡುತ್ತಿದ್ದರು, ಹಾಡಿಗೆ ತಕ್ಕ ಅಭಿನಯ ಮಾಡುತ್ತಿದ್ದರು. ಇದನ್ನು ಬರಿಯ ಸ್ವಭಾವದ ಮೃದುತ್ವವೆಂದು ತಿಳಿದು ಮೆಚ್ಚಿಕೊಳ್ಳುವುದು ರೂಢಿ. ಆದರೆ ಇದರಲ್ಲಿ ಒಂದು ಬೋಧನಾಕ್ರಮ ಅಡಗಿದೆ. ಕನ್ನಡವರಿಯದ ಮಗುವಿಗೆ ಕನ್ನಡದ ಪದವೊಂದರ ಅರ್ಥವನ್ನು ಕನ್ನಡದ ಇನ್ನೊಂದು ಪದದಿಂದ ತಿಳಿಸಲಾಗದು. ಕೈ, ಕಣ್ಣು, ದನಿ, ತಾಳಗಳ ನೆರವಿನಿಂದ ತಿಳಿಸಬಹುದು. ‘ನಾಗರಹಾವೆ’ ಪದ್ಯವನ್ನೇ ನೋಡಬಹುದು. ಹಾವಿನ ಹೆಡೆಯನ್ನು ಅಂಗೈಯಲ್ಲಿ ತೋರಿಸಬಹುದು, ಕೈ ಮುಗಿಯುವುದನ್ನು ಮಾಡಿಯೇ ತೋರಿಸಬಹುದು, ಬಾ ಎಂಬ ಕರೆಯನ್ನು ಕೈಬೀಸಿ ಕರೆಯಬಹುದು. ಬಿಲ, ತಾವು ಎಂಬಂಥ ಪದಗಳು ಈ ಅಭಿನಯದ ನಡುವೆ ಬಂದು ಸೇರುತ್ತವೆ. ಅವನ್ನು ಪ್ರತ್ಯೇಕವಾಗಿ ವಿವರಿಸುವ ಅಗತ್ಯ ಬೀಳುವುದಿಲ್ಲ. ಹಾವಿನ ಭಯವೂ ಭಕ್ತಿಯೂ ಆ ಮಗುವಿಗೆ ಮನೆಯಿಂದಲೇ ಬಂದಿವೆ. ನಾಗಬನಗಳ ನಾಡಿನ ಮಗುವಿಗೆ ನಾಗರಹಾವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಗೊತ್ತಿದ್ದ ಭಾವಕ್ಕೆ ಗೊತ್ತಿಲ್ಲದ ಪದವನ್ನು ಕೂಡಿಸುವುದಷ್ಟೇ ಪದ್ಯದ ಕೆಲಸ.

ಧ್ವನ್ಯನುಕರಣ ಶಬ್ದಗಳ ಬಳಕೆಯಲ್ಲಿಯೂ ಇದೇ ಕ್ರಮವಿದೆ. ‘ಗುಡುಗುಡು ಗುಮ್ಮಟದೇವರು’, ‘ಇಲಿಗಳ ಥಕಥೈ’, ‘ಕೊಕ್ಕೋ ಕೋಳಿ’ ಎಂಬ ಶೀರ್ಷಿಕೆಗಳನ್ನು ಕೇಳಿದರೇ ಸಾಕು. ಅರ್ಥ ಬುದ್ಧಿಗೆ ಎಟಕುವ ಮುಂಚೆ ಕಿವಿಗೆ ಎಟಕುತ್ತದೆ. ದ್ರಾವಿಡ ಭಾಷೆಗಳಲ್ಲೆಲ್ಲ ಅನುಕರಣ ಪದಗಳು ಹೇರಳವಾಗಿವೆ. ತುಳು ಆಡುವ ಮಗುವಿಗೆ ಕನ್ನಡದ ನಾಮಪದಗಳು ಹೊಸತಾದರೂ ಪದವನ್ನು ಇಮ್ಮಡಿಸಿ ಸದ್ದನ್ನೂ ಚಲನೆಯನ್ನೂ ಸೂಚಿಸುವ ರೀತಿ ಹೊಸತಲ್ಲ. ‘ತೆಂಕಣ ಗಾಳಿಯಾಟ’ದಲ್ಲಿ ಈ ಸಾಮಗ್ರಿ ತನ್ನ ಪೂರ್ಣ ಬಲದಲ್ಲಿ ಕಾಣಿಸಿಕೊಳ್ಳುತ್ತದೆ. ದೂರದಿಂದ ಕೇಳಿಸುವ ಗಾಳಿ ಹತ್ತಿರ ಬಂದು ಮರಗಿಡಗಳನ್ನು ಅಲ್ಲಾಡಿಸಿ ಹೋಗುವ ನಡೆಯನ್ನು ಪದ್ಯ ಪದಗಳ ಸದ್ದಿನಿಂದಲೇ ಕಟ್ಟುತ್ತದೆ. ಕರಾವಳಿಯ ಮಳೆಗಾಲವನ್ನು ಕಂಡ ಮಗುವಿಗೆ ಇದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಶೀರ್ಷಿಕೆಯ ಮೊದಲ ಪದದ ಬಳಿ ಸ್ವಲ್ಪ ನಿಲ್ಲಬೇಕು. ದಕ್ಷಿಣ ಎಂಬ ಸಂಸ್ಕೃತ ಪದ ಪಠ್ಯಪುಸ್ತಕಗಳಲ್ಲಿ ನೆಲೆಯೂರಿದ್ದ ಕಾಲದಲ್ಲಿ ಪಂಜೆಯವರು ತೆಂಕಣ ಎಂಬುದನ್ನು ಆರಿಸಿಕೊಂಡರು. ಕಾಲೇಜಿನ ಹಳಗನ್ನಡ ತರಗತಿಯಲ್ಲಿ ಇದು ಟಿಪ್ಪಣಿ ಬೇಡುವ ಪದ. ಆದರೆ ತುಳು ಆಡುವ ಮಗುವಿಗೆ ತೆಂಕಾಯಿ, ಬಡಕಾಯಿ, ಮೂಡಾಯಿ, ಪಡ್ಡಾಯಿ ದಿನಬಳಕೆಯ ದಿಕ್ಕುಗಳು. ಗದ್ದೆಯ ಗಡಿ ಹೇಳುವುದಕ್ಕೂ ಮನೆಯ ಬಾಗಿಲು ಹೇಳುವುದಕ್ಕೂ ಅವು ಬೇಕು. ಮೂಡುಬಿದಿರೆ, ಪಡುಬಿದ್ರಿಗಳ ಹೆಸರುಗಳಲ್ಲಿ ಅವೇ ಇವೆ. ಹೀಗೆ ಪಂಡಿತನಿಗೆ ಪ್ರಾಚೀನವಾಗಿ ಕಾಣುವ ಪದ ಕರಾವಳಿಯ ಮಗುವಿಗೆ ಸಂಸ್ಕೃತ ಪದಕ್ಕಿಂತ ಹತ್ತಿರದ್ದಾಗುತ್ತದೆ. ‘ಉದಯರಾಗ’ದ ಹೆಸರು ಸಂಸ್ಕೃತದ್ದಾದರೂ ಸೂರ್ಯನ ಬರವನ್ನು ಹೇಳಲು ಪದ್ಯ ನೆಚ್ಚಿಕೊಂಡಿರುವುದು ಮೂಡು ಎಂಬ ಕನ್ನಡ ಧಾತುವನ್ನೇ. ಆ ಧಾತುವನ್ನು ಕಲಿತ ಮಗುವಿಗೆ ಮೂಡಣ ಎಂಬ ದಿಕ್ಕು ಹೆಚ್ಚಿನ ಶ್ರಮವಿಲ್ಲದೆ ಸಿಗುತ್ತದೆ. ಒಂದು ಪದ ಇನ್ನೊಂದನ್ನು ಕೈಹಿಡಿದು ತರುತ್ತದೆ.

ಈ ಆಯ್ಕೆಗಳು ಆಕಸ್ಮಿಕವೆಂದು ಹೇಳುವಂತಿಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಕಿಟ್ಟೆಲ್ 1872ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ್ದರು, ಆ ಗ್ರಂಥದ ಮುಂದಿನ ಪರಿಷ್ಕರಣವನ್ನು ಬಾಸೆಲ್ ಮಿಶನ್ನಿಗಾಗಿ ಸಿದ್ಧಪಡಿಸಿದವರು ಪಂಜೆಯವರು. ಧಾತುಗಳ ಪಟ್ಟಿ, ಪ್ರಯೋಗಸಾರದ ಶಬ್ದಾರ್ಥಗಳು, ಅನುಕರಣ ಶಬ್ದಗಳ ವಿಚಾರ ಇವೆಲ್ಲವನ್ನೂ ಅಕ್ಷರ ಅಕ್ಷರವಾಗಿ ತಿದ್ದಿ ನೋಡಿದ ಕೈಯೇ ‘ಕೊಕ್ಕೋ ಕೋಳಿ’ಯನ್ನೂ ಬರೆಯಿತು. ವ್ಯಾಕರಣ ಪಾಂಡಿತ್ಯ ಒಂದು ಕಡೆ, ಮಕ್ಕಳ ಪದ್ಯ ಇನ್ನೊಂದು ಕಡೆ ಎಂದು ಅವರನ್ನು ಎರಡಾಗಿ ಸೀಳಿ ನೋಡುವ ಪದ್ಧತಿಯಿಂದ ಈ ನಂಟು ಮರೆಯಾಗಿದೆ. ಮಕ್ಕಳಿಗೆ ಬರೆಯುವವರಿಗೆ ಪಾಂಡಿತ್ಯ ಬೇಡವೆಂಬ ನಂಬಿಕೆ ಕನ್ನಡದಲ್ಲಿ ಇಂದಿಗೂ ಬಲವಾಗಿದೆ. ಪಂಜೆಯವರ ಪದ್ಯಗಳ ಸರಳತೆ ಮಾತ್ರ ಪಾಂಡಿತ್ಯದಿಂದಲೇ ಬಂದದ್ದು. ಯಾವ ಪದ ಯಾವುದರ ಬಂಧು ಎಂದು ತಿಳಿದವರಿಗೆ ಮಾತ್ರ ಎಳೆಯರಿಗೆ ಯಾವುದನ್ನು ಮೊದಲು ಕೊಡಬೇಕೆಂಬುದು ಹೊಳೆದೀತು.

ಮಂಗಳೂರಿನ ನೆಲವೂ ಇದಕ್ಕೆ ಅನುಕೂಲವಾಗಿತ್ತು. 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ಶಾಲೆ, ಮುದ್ರಣಾಲಯಗಳನ್ನು ತೆರೆದು ಪಠ್ಯಪುಸ್ತಕಗಳ ಪರಂಪರೆಯೊಂದನ್ನು ಬೆಳೆಸಿದ್ದರು. ಕಿಟ್ಟೆಲರ ನಿಘಂಟು 1894ರಲ್ಲಿ ಅಲ್ಲಿಂದಲೇ ಹೊರಬಂದಿತ್ತು. ದೊಡ್ಡವರ ಪದಭಂಡಾರಕ್ಕೆ ಆ ನಿಘಂಟು ಆಧಾರವಾಯಿತು. ಮಕ್ಕಳ ಕೈಗೆ ಕೊಡಬಹುದಾದದ್ದು ಏನಿದೆ ಎಂದು ಹುಡುಕಿದರೆ, ಇಂಗ್ಲಿಷ್ ವಾಚಕಗಳ ಮಾದರಿಯ ಗದ್ಯಪಾಠಗಳೂ ನೀತಿಪದ್ಯಗಳೂ ಸಿಗುತ್ತಿದ್ದವು. ಉತ್ತರದ ಧಾರವಾಡದಲ್ಲಿ ಡೆಪ್ಯುಟಿ ಚನ್ನಬಸಪ್ಪನವರ ಕಾಲದಿಂದ ಕನ್ನಡ ಪಠ್ಯಗಳ ರಚನೆಗೆ ಒಂದು ಚಳವಳಿಯ ರೂಪ ಬಂದಿತ್ತಾದರೂ ಅಲ್ಲಿನ ಹೋರಾಟ ಮರಾಠಿಯ ಪ್ರಾಬಲ್ಯದ ವಿರುದ್ಧ ಕನ್ನಡ ಶಾಲೆಯನ್ನು ಉಳಿಸಿಕೊಳ್ಳುವುದಾಗಿತ್ತು. ಕರಾವಳಿಯ ಸಮಸ್ಯೆ ಅದಲ್ಲ. ಇಲ್ಲಿ ಕನ್ನಡಕ್ಕೆ ಶಾಲೆಯಲ್ಲಿ ಸ್ಥಾನವಿತ್ತು, ಮಗುವಿನ ನಾಲಗೆಯ ಮೇಲೆ ಇರಲಿಲ್ಲ.

ಪಂಜೆಯವರು ಸಂಪಾದಿಸಿದ ಕನ್ನಡ ಪದ್ಯಪುಸ್ತಕಗಳು ಈ ಕೊರತೆಗೆ ಕೊಟ್ಟ ಉತ್ತರ. ಅವುಗಳಲ್ಲಿ ಮೊದಲನೆಯದು 1912ರಲ್ಲಿ ಬಂದಿತು. ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ ಪುಸ್ತಕರೂಪ ತಾಳಿದ್ದು 1926ರಲ್ಲಿ ಎಂಬುದನ್ನು ನೆನೆದರೆ, ಇಂಗ್ಲಿಷ್ ಕವಿತೆಯಿಂದ ಕನ್ನಡಕ್ಕೆ ಹೊಸ ಲಯಗಳು ಬಂದ ದಾರಿ ಶಾಲೆಯ ಕೊಠಡಿಯ ಮೂಲಕವೂ ಹಾದಿದೆಯೆಂದು ಒಪ್ಪಬೇಕಾಗುತ್ತದೆ. ಮೇರಿ ಹೋವಿಟ್ ಬರೆದ ಜೇಡ ಮತ್ತು ನೊಣದ ಪದ್ಯವನ್ನು ಪಂಜೆಯವರು ಕನ್ನಡಕ್ಕೆ ಇಳಿಸಿದ ರೀತಿಯಲ್ಲಿ ಅನುವಾದದ ವಾಸನೆಯಿಲ್ಲ. ಸಂಭಾಷಣೆಯ ರೂಪದ ಪದ್ಯವಾದ್ದರಿಂದ ಇಬ್ಬರು ಮಕ್ಕಳು ಎದುರುಬದುರು ನಿಂತು ಹೇಳಬಹುದು. ಕರೆಯುವುದು, ಒಲ್ಲೆನೆನ್ನುವುದು, ಹೊಗಳುವುದು, ಮರುಳಾಗುವುದು ಇಂಥ ಭಾಷಾವ್ಯವಹಾರಗಳೆಲ್ಲ ಅದರಲ್ಲಿ ಬಂದುಹೋಗುತ್ತವೆ. ಹೆಸರುಗಳ ಪಟ್ಟಿಯಿಂದ ಭಾಷೆ ಬಾರದು. ಬೇಡವೆನ್ನುವುದನ್ನು ನಾಲ್ಕು ಬಗೆಯಲ್ಲಿ ಹೇಳಲು ಬಂದಾಗ ಮಗು ಭಾಷೆಯೊಳಗೆ ಕಾಲಿಟ್ಟಿತೆನ್ನಬಹುದು.

ಕತೆಗಳಲ್ಲಿ ಈ ಉದ್ದೇಶ ಇನ್ನೂ ಚೆನ್ನಾಗಿ ಈಡೇರಿದೆ. ‘ಹೇನು ಸತ್ತು ಕಾಗೆ ಬಡವಾಯಿತು’, ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬವು ಸರಪಣಿ ಕತೆಗಳು. ಜನಪದರಲ್ಲಿ ಬಳಕೆಯಲ್ಲಿದ್ದ ಈ ಮಾದರಿಯನ್ನು ಪಂಜೆಯವರು ಓದುಪುಸ್ತಕಕ್ಕೆ ತಂದರು. ಒಂದು ಪ್ರಶ್ನೆಗೆ ಬಂದ ಉತ್ತರವೇ ಮುಂದಿನ ಪ್ರಶ್ನೆಯಾಗುತ್ತದೆ, ಪ್ರತಿ ಹಂತದಲ್ಲೂ ಒಂದು ಹೊಸ ಜೀವಿ, ಒಂದು ಹೊಸ ಕೆಲಸ ಸೇರುತ್ತದೆ, ಉಳಿದದ್ದೆಲ್ಲ ಹಳೆಯದೇ. ಒಂದೇ ಸಲಕ್ಕೆ ಹತ್ತು ಹೊಸ ಪದಗಳನ್ನು ಹೇರದೆ, ಗೊತ್ತಿದ್ದ ಒಂಬತ್ತರ ನಡುವೆ ಒಂದನ್ನು ಇಡುವ ಈ ವಿಧಾನವನ್ನು ಭಾಷಾಬೋಧನೆಯ ಶಾಸ್ತ್ರಗ್ರಂಥಗಳು ಬಹಳ ಕಾಲದ ನಂತರ ಸಿದ್ಧಾಂತವಾಗಿ ಹೇಳಿದವು. ಎರಡನೆಯ ಕತೆಯ ಶೀರ್ಷಿಕೆಯಲ್ಲಿ ಇನ್ನೊಂದು ವಿಶೇಷವಿದೆ. ಒಣಗಲಿಲ್ಲ ಎಂಬುದು ನಿಷೇಧರೂಪ. ಕನ್ನಡದ ನಿಷೇಧ ಕ್ರಿಯಾಪದ ಬೇರೆ ಭಾಷೆಯ ಮಕ್ಕಳಿಗೆ ತೊಡಕಿನದು. ಯಾಕೆ ಎಂಬ ಪ್ರಶ್ನೆಯೊಡನೆ ಆ ರೂಪ ಬಾಯಿಗೆ ಬಂದಾಗ ಅದು ವ್ಯಾಕರಣದ ಪಾಠವೆಂದು ಮಗುವಿಗೆ ಅನಿಸುವುದೇ ಇಲ್ಲ.

ಸಿಗಡಿ ಎಂಬ ಪದವೇ ಶಾಲಾಪುಸ್ತಕಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ಹಂಸ, ಕೋಗಿಲೆ, ಕಮಲಗಳ ಪಠ್ಯಲೋಕದೊಳಗೆ ಮೀನುಗಾರರ ಅಂಗಳದ ಒಣಸಿಗಡಿ ಪ್ರವೇಶ ಪಡೆಯಿತು. ಮಗುವಿನ ಮನೆಯ ಮುಂದೆ ಒಣಗುವ ವಸ್ತುವಿಗೆ ಪುಸ್ತಕದಲ್ಲಿ ಹೆಸರಿದೆಯೆಂದಾದರೆ ಪುಸ್ತಕದ ಉಳಿದ ಹೆಸರುಗಳೂ ನಿಜದ ವಸ್ತುಗಳಿಗೇ ಸೇರಿದವೆಂಬ ನಂಬಿಕೆ ಹುಟ್ಟುತ್ತದೆ. ‘ಮೂರು ಕರಡಿಗಳು’, ‘ಮೆಣಸಿನ ಕಾಳಪ್ಪ’, ‘ಒಡ್ಡನ ಓಟ’ ಮೊದಲಾದವುಗಳ ಮೂಲಗಳು ಬೇರೆಬೇರೆಯಾದರೂ ಅವುಗಳ ಗದ್ಯ ಒಂದೇ ಬಗೆಯದು: ಸಣ್ಣ ವಾಕ್ಯ, ಮರುಕಳಿಸುವ ಕ್ರಿಯಾಪದ, ಓದುವುದಕ್ಕಿಂತ ಹೇಳುವುದಕ್ಕೆ ಒಗ್ಗುವ ಲಯ. ಇಂಥ ಪುಸ್ತಕಗಳನ್ನು ಹೊರತರುವುದಕ್ಕಾಗಿ 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸುವುದರಲ್ಲಿ ಅವರು ಮುಂದಾದರು. ಕನ್ನಡದಲ್ಲಿ ಮಕ್ಕಳ ಪುಸ್ತಕಗಳಿಗೆಂದೇ ನಡೆದ ಸಂಘಟಿತ ಪ್ರಯತ್ನಗಳಲ್ಲಿ ಇದು ಮೊದಮೊದಲಿನದು.

1920ರ ದಶಕದಲ್ಲಿ ಪಂಜೆಯವರು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಕೊಡಗು ಆಗ ಚೀಫ್ ಕಮಿಶನರರ ಆಡಳಿತದ ಪ್ರತ್ಯೇಕ ಪ್ರಾಂತ. ಅಲ್ಲಿಯೂ ಶಾಲೆಯ ಮಾತು ಕನ್ನಡ, ಅನೇಕ ಮಕ್ಕಳ ಮನೆಮಾತು ಕೊಡವ ತಕ್ಕು. ಬಂಟವಾಳದಲ್ಲಿ ತಾವು ಮಗುವಾಗಿ ಕಂಡ ಪರಿಸ್ಥಿತಿಯನ್ನು ಇನ್ನೊಂದು ನಾಡಿನಲ್ಲಿ ಮುಖ್ಯೋಪಾಧ್ಯಾಯರಾಗಿ ಕಂಡರು. ‘ಹುತ್ತರಿ ಹಾಡು’ ಈ ಸಂದರ್ಭದ ಕೊಡುಗೆ. ಕೊಡವರ ಹೊಸ ಅಕ್ಕಿಯ ಹಬ್ಬ ಅವರ ನುಡಿಯಲ್ಲಿ ಪುತ್ತರಿ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುವ ನಿಯಮದಂತೆ ಅದು ಕನ್ನಡದಲ್ಲಿ ಹುತ್ತರಿ. ಪೊಸ ಹೊಸವಾದಂತೆ, ಪುಲಿ ಹುಲಿಯಾದಂತೆ. ತುಳುವಿನಲ್ಲಿಯೂ ಪಕಾರ ಉಳಿದಿದೆ. ಪಿಲಿ, ಪೂ ಎನ್ನುವ ತುಳು ಮಗುವಿಗೆ ಹುಲಿ, ಹೂ ಎಂಬವು ದೂರದವಲ್ಲ. ಈ ಒಂದು ಧ್ವನಿನಿಯಮವನ್ನು ಬಲ್ಲ ಶಿಕ್ಷಕ ಕೊಡವ ಮತ್ತು ತುಳು ಮಕ್ಕಳಿಗೆ ಹಲವು ಪದಗಳನ್ನು ಒಮ್ಮೆಗೇ ಕೊಡಬಲ್ಲ. ನಾಡಿನ ಬೆಟ್ಟ, ಹೊಳೆ, ವೀರರನ್ನು ಕೊಂಡಾಡುವ ಆ ಹಾಡು ಕೊಡಗಿನ ಮಕ್ಕಳಿಗೆ ತಮ್ಮದೇ ಊರನ್ನು ಕನ್ನಡದಲ್ಲಿ ಹೇಳಿಕೊಳ್ಳುವ ಪದಗಳನ್ನು ಒದಗಿಸಿತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಮನೆಮಾತನ್ನು ಮೆಟ್ಟಿಲಾಗಿ ಬಳಸಿ ಕನ್ನಡಕ್ಕೆ ಏರಿಸುವ ಈ ಕ್ರಮದಲ್ಲಿ ಮೆಟ್ಟಿಲಿಗೆ ಏನು ದಕ್ಕಿತು? 1924ರಲ್ಲಿ ಬಂದ ‘ಕೋಟಿಚೆನ್ನಯ’ ಈ ಪ್ರಶ್ನೆಯನ್ನು ತೀವ್ರವಾಗಿ ಎತ್ತುತ್ತದೆ. ತುಳು ಪಾಡ್ದನಗಳ ಅವಳಿ ವೀರರ ಕತೆಯನ್ನು ಪಂಜೆಯವರು ಕನ್ನಡ ಗದ್ಯದಲ್ಲಿ ಹೇಳಿದರು. ಗದ್ದೆಯ ಬದುಕು, ಗರಡಿ, ಬೀಡುಗಳ ವ್ಯವಹಾರಕ್ಕೆ ಸೇರಿದ ತುಳುನಾಡಿನ ಎಷ್ಟೋ ಪದಗಳಿಗೆ ಇದರಿಂದ ಕನ್ನಡ ಗದ್ಯದಲ್ಲಿ ಜಾಗ ಸಿಕ್ಕಿತು. ಕರಾವಳಿಯ ಹೊರಗಿನ ಕನ್ನಡಿಗರಿಗೆ ಕೋಟಿಚೆನ್ನಯರು ಪರಿಚಿತರಾದರು. ಆದರೆ ನಾಟಿಗದ್ದೆಯಲ್ಲಿ ಹೆಂಗಸರು ಹಾಡುವ ಪಾಡ್ದನದ ತುಳು ಮಾತು ತರಗತಿಯ ಹೊರಗೇ ಉಳಿಯಿತು. ಶಾಲೆಯಲ್ಲಿ ತುಳುವನ್ನು ಕಲಿಕೆಯ ವಿಷಯವಾಗಿ ನೋಡುವ ಕಾಲ ಬರಲು ಇನ್ನೂ ಬಹಳ ದಶಕಗಳಾಗಬೇಕಿತ್ತು. ಇದನ್ನು ಪಂಜೆಯವರ ತಪ್ಪೆಂದು ಎಣಿಸುವುದು ಇಂದಿನ ತಕ್ಕಡಿಯಲ್ಲಿ ಅಂದಿನದನ್ನು ತೂಗಿದಂತೆ. ಶಾಲೆಗೆ ಕನ್ನಡವೊಂದೇ ದಾರಿಯಾಗಿದ್ದಾಗ ಆ ದಾರಿಯಲ್ಲಿ ಮುಗ್ಗರಿಸಿದ ಮಗುವಿಗೆ ಮುಂದಿನ ವಿದ್ಯೆಯೆಲ್ಲ ಮುಚ್ಚಿಹೋಗುತ್ತಿತ್ತು. ತಮ್ಮದೇ ಮನೆಮಾತಾದ ಕೊಂಕಣಿಯನ್ನು ಬದಿಗಿಟ್ಟು ಅವರು ಬಾಳಿನ ದುಡಿಮೆಯನ್ನು ಕನ್ನಡಕ್ಕೆ ಮುಡಿಪಾಗಿಟ್ಟರೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗಳಿಕೆಯ ಜೊತೆಗೆ ನಷ್ಟವೂ ಇತ್ತೆಂದು ದಾಖಲಿಸುವುದು ಸಂಶೋಧನೆಯ ಹೊಣೆ.

ಅವರ ಎಲ್ಲ ರಚನೆಗಳೂ ಎಳೆಯರಿಗೆ ಒಗ್ಗುವವೆಂದೂ ಹೇಳಲಾಗದು. ಛಂದಸ್ಸಿನ ಬಿಗಿಗಾಗಿ ಹಳೆಯ ರೂಪಗಳನ್ನು ತಂದ ಕಡೆಗಳಲ್ಲಿ ಕರಾವಳಿಯಾಚೆಯ ಮಗು ತಡೆಯುತ್ತದೆ. ತೆಂಕಣ ಎಂಬುದು ಪುತ್ತೂರಿನ ಮಗುವಿಗೆ ಸುಲಭ, ಚಿತ್ರದುರ್ಗದ ಮಗುವಿಗೆ ಕಷ್ಟ. ಇಡೀ ನಾಡಿಗೆ ಒಂದೇ ಪಠ್ಯಪುಸ್ತಕವೆಂಬ ಏರ್ಪಾಡು ಬಂದ ಮೇಲೆ ಈ ಪದ್ಯಗಳು ತಮ್ಮ ನೆಲದಿಂದ ಕಿತ್ತು ನೆಟ್ಟ ಗಿಡಗಳಾದವು. ಅಭಿನಯವೂ ರಾಗವೂ ಉದುರಿ, ಮತ್ತೆ ಪದಗಳ ಅರ್ಥ ಬರೆಯಿರಿ ಎಂಬ ಅಭ್ಯಾಸದ ಕೆಳಗೆ ಬಂದು ಕುಳಿತವು. ಶಿವರಾಮ ಕಾರಂತರ ‘ಬಾಲಪ್ರಪಂಚ’ 1930ರ ದಶಕದಲ್ಲಿ ಬಂದಾಗ ಅದೇ ಜಿಲ್ಲೆಯಿಂದ ಇನ್ನೊಂದು ಮಾರ್ಗ ತೆರೆಯಿತು. ಅಲ್ಲಿ ಪದ ಬರುವುದು ಲೋಕಜ್ಞಾನದ ಹಿಂದೆ. ಪಂಜೆಯವರಲ್ಲಿ ಲೋಕ ಬರುವುದು ಪದದ ನಾದದ ಹಿಂದೆ. ಅಕ್ಷರ ಬಲ್ಲ ಹತ್ತು ವರ್ಷದ ಹುಡುಗನಿಗೆ ಕಾರಂತರ ದಾರಿ ಸಲ್ಲುತ್ತದೆ. ಇನ್ನೂ ಕನ್ನಡ ಬಾರದ ಐದು ವರ್ಷದ ಮಗುವಿಗೆ ಪಂಜೆಯವರದೇ ಬೇಕು.

1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರು ಅಧ್ಯಕ್ಷರಾದರು. ನಿಜಾಮರ ಸಂಸ್ಥಾನದ ಆ ಭಾಗದಲ್ಲಿ ಕನ್ನಡ ಮನೆಮಾತು, ಉರ್ದು ಆಡಳಿತದ ಮತ್ತು ಮೇಲಿನ ಶಿಕ್ಷಣದ ಮಾತು. ಕರಾವಳಿಯ ಮಗುವಿನ ಸಂಕಟದ ಇನ್ನೊಂದು ಮಗ್ಗುಲು ಅದು. ಅಲ್ಲಿ ಕನ್ನಡವನ್ನು ಮನೆಯಲ್ಲಿಟ್ಟು ಬೇರೆ ನುಡಿಗೆ ಹೋಗಬೇಕಾದ ಮಕ್ಕಳಿದ್ದರು. ಶಾಲಾಪುಸ್ತಕಗಳ ಲೇಖಕರೊಬ್ಬರನ್ನು ಅಂಥ ನೆಲದಲ್ಲಿ ಅಧ್ಯಕ್ಷಪೀಠದ ಮೇಲೆ ಕೂರಿಸಿದ್ದು ಔಚಿತ್ಯಪೂರ್ಣವಾಗಿತ್ತು.

ಮೂರು ವರ್ಷಗಳ ನಂತರ, 1937ರ ಅಕ್ಟೋಬರಿನಲ್ಲಿ, ಅದೇ ಸಂಸ್ಥಾನದ ರಾಜಧಾನಿ ಹೈದರಾಬಾದಿನಲ್ಲಿ ಅವರು ತೀರಿಕೊಂಡರು. ಅವರ ಬರಹಗಳು ಸಂಪುಟಗಳಾಗಿ ಒಟ್ಟುಗೂಡಿದ್ದು ಎಷ್ಟೋ ಕಾಲದ ಮೇಲೆ. ಬದುಕಿದ್ದಾಗ ಅನೇಕ ಪದ್ಯಗಳಿಗೆ ಅವರು ಹಾಕುತ್ತಿದ್ದ ಹೆಸರು ಕವಿಶಿಷ್ಯ. ಆ ಹಾಡುಗಳನ್ನು ಬಾಯಿಪಾಠ ಮಾಡಿದ ಮಕ್ಕಳಲ್ಲಿ ಹೆಚ್ಚಿನವರಿಗೆ, ತಮ್ಮ ಶಾಲೆಗೆ ಬಂದು ಹಾವಾಡಿಸಿ ಹೋದ ಇನ್ಸ್‌ಪೆಕ್ಟರರೇ ಆ ಕವಿಶಿಷ್ಯರೆಂದು ಗೊತ್ತಿದ್ದಿರಲಾರದು.